ಕಪಾಟಿನ ಹಿಂದೆ ಯಾರಿದ್ದಾರೆ

ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮಾಸಿದ ಪೈಜಾಮ. ಅಡಿಪಟ್ಟಿ ಸಾಹೇಬರು ಈಚೆಗೆ ಕೆಲಸಕ್ಕೆ ಕೂರುತ್ತಿದ್ದುದು ಹೀಗೆಯೇ. ಸಾಂಕ್ರಾಮಿಕ ರೋಗ ಊರಿಗೆ ಕಾಲಿಟ್ಟ ಮೇಲೆ ಪೌರತ್ವ ಕಚೇರಿಗೆ ಬೀಗ ಬಿದ್ದಿತ್ತು. ಹೊಸದಾಗಿ ಪೌರತ್ವ ಪಡೆಯುವವರು ಮೊದಲು ದೊಡ್ಡ ಸಭಾಂಗಣದಲ್ಲಿ ಸಾಲಾಗಿ ನಿಂತು, ಬಲಗೈ ಎತ್ತಿ ಒಟ್ಟಿಗೆ ಪ್ರಮಾಣ ಮಾಡುತ್ತಿದ್ದರು. ಈಗ ಅದು ಒಬ್ಬೊಬ್ಬರದಾಗಿ ಕಂಪ್ಯೂಟರಿನ ಪರದೆಯ ಮೇಲೆ ನಡೆಯುತ್ತಿತ್ತು. ಸಾಹೇಬರು ತಮ್ಮ ಮನೆಯ ಕೋಣೆಯಲ್ಲಿ ಕೂತು ಒಂದೊಂದೇ ವಾಕ್ಯ ಹೇಳಬೇಕು, ಅರ್ಜಿದಾರರು ಅಲ್ಲಿಂದ ಅದನ್ನೇ ಹೇಳಬೇಕು.

ಫೋಟೋದ ಅಳತೆ ಕೂದಲೆಳೆಯಷ್ಟು ಆಚೀಚೆಯಾದರೂ ಅರ್ಜಿ ವಾಪಸು ಕಳಿಸುತ್ತಿದ್ದುದರಿಂದ ಸಹೋದ್ಯೋಗಿಗಳು ಅವರಿಗೆ ಇಟ್ಟ ಹೆಸರು ಅಡಿಪಟ್ಟಿ. ಅವರಿಗೂ ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು.

ಪರದೆಯ ಪ್ರಮಾಣದ ನಿಯಮಗಳಲ್ಲಿ ಅರ್ಧ ಅವರೇ ಬರೆದದ್ದು. ಪ್ರಮಾಣಕ್ಕೆ ಮುಂಚೆ ಅರ್ಜಿದಾರರು ಫೋನನ್ನು ಸುತ್ತ ತಿರುಗಿಸಿ ನಾಲ್ಕೂ ಗೋಡೆ ತೋರಿಸಬೇಕು. ಒಳಗೆ ಬೇರೆ ಯಾರೂ ಇರಕೂಡದು. ಎರಡನೆಯ ದನಿ ಕೇಳಿದರೆ ಪ್ರಮಾಣ ರದ್ದು, ಮತ್ತೆ ಸರದಿಯ ಬಾಲಕ್ಕೆ. ಇದರಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಮೊದಲ ವಾರವೇ ಒಬ್ಬ ಮಾಲೀಕ ತನ್ನ ಕೆಲಸದವನ ಬೆನ್ನಿಗೆ ನಿಂತು, ಗದರಿಸಿ ಗದರಿಸಿ ಪ್ರಮಾಣ ಮಾಡಿಸಿದ್ದ. ಯಾರದೋ ಹೆದರಿಕೆಗೆ ಮಾಡಿದ ಪ್ರಮಾಣ ಪ್ರಮಾಣವೇ ಅಲ್ಲ ಎಂದು ಸಾಹೇಬರು ವಾದಿಸಿದಾಗ ಎಲ್ಲರೂ ತಲೆದೂಗಿದ್ದರು.

ಅಂದು ಮಧ್ಯಾಹ್ನ ಪರದೆಯ ಮೇಲೆ ಬಂದವಳು ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಹೆಂಗಸು. ಕೆಲಸದ ನಡುವೆಯೇ ಬಿಡುವು ಕೇಳಿಕೊಂಡು, ಮಡಿಸಿದ ಚಾದರಗಳನ್ನಿಡುವ ಕೋಣೆಯಲ್ಲಿ ನಿಂತಿದ್ದಳು. ಫೋನು ತಿರುಗಿಸಿ ಗೋಡೆಗಳನ್ನು ತೋರಿಸಿದಳು.

"ಆ ಕಪಾಟಿನ ಹಿಂದೆಯೂ ತೋರ್ಸಿ."

"ಅದು ಗೋಡೆಗೆ ಅಂಟ್ಕೊಂಡಿದೆ ಸರ್. ಅದರ ಹಿಂದೆ ಇರುವೆಗೂ ಜಾಗ ಇಲ್ಲ."

"ತೋರ್ಸಿ."

ಅವಳು ಹೆಗಲು ಕೊಟ್ಟು ಕಪಾಟನ್ನು ಸರಿಸಿ ತೋರಿಸಿದಳು. ಏದುಸಿರು ಬಿಡುತ್ತಲೇ ಬಲಗೈ ಎತ್ತಿದಳು. ಪ್ರಮಾಣ ಶುರುವಾಯಿತು. ಅರ್ಧ ದಾಟಿರಬೇಕು, ಅವಳ ದನಿಯ ಹಿಂದೆ ಇನ್ನೊಂದು ಹೆಣ್ಣುದನಿ ಅದೇ ಮಾತನ್ನು ಗುನುಗುತ್ತಿರುವುದು ಸಾಹೇಬರಿಗೆ ಸ್ಪಷ್ಟವಾಗಿ ಕೇಳಿಸಿತು.

"ನಿಲ್ಸಿ. ಯಾರಿದಾರೆ ಅಲ್ಲಿ?"

"ಯಾರೂ ಇಲ್ಲ ಸರ್. ಚಿಲಕ ಹಾಕಿದೀನಿ. ನನಗೂ ಕೇಳ್ತು ಆ ದನಿ, ಆದ್ರೆ ಇಲ್ಲಿಂದಲ್ಲ."

"ನನ್ನ ಕಿವಿ ಇನ್ನೂ ಚೆನ್ನಾಗಿದೆ ಅಮ್ಮಾ. ರದ್ದು. ಮುಂದಿನ ದಿನಾಂಕ ಮೂರು ತಿಂಗಳಾದ ಮೇಲೆ ಸಿಗುತ್ತೆ."

ಅವಳು ಕೂಗಾಡಲಿಲ್ಲ. ಎತ್ತಿದ ಕೈಯನ್ನು ಇಳಿಸುವುದನ್ನೂ ಮರೆತು ಹೇಳಿದಳು: "ಸರ್, ನನ್ನ ಮಗಳು ಗಡಿಯಾಚೆ ಇದಾಳೆ. ಅವಳ ಜೊತೆಗಿದ್ದ ನಮ್ಮಮ್ಮ ಈ ರೋಗದಲ್ಲೇ ಹೋದ್ರು. ಈಗ ಅವಳೊಬ್ಬಳೇ. ಇಲ್ಲಿನ ಪ್ರಜೆಗಳ ಮಕ್ಕಳನ್ನ ಮಾತ್ರ ಒಳಗೆ ಬಿಡ್ತಾರಂತೆ, ಅದೂ ಹದಿನೆಂಟು ತುಂಬೋ ತನಕ. ಅವಳಿಗೆ ಮುಂದಿನ ತಿಂಗಳು ತುಂಬುತ್ತೆ."

"ನಿಯಮ ಎಲ್ಲರಿಗೂ ಒಂದೇ," ಎಂದು ಸಾಹೇಬರು ಕರೆ ಮುಗಿಸಿದರು. ಅವಳು ಅಳತೊಡಗಿದ್ದು ಕೊನೆಯ ಗಳಿಗೆಯಲ್ಲಿ ಕೇಳಿಸಿಯೇಬಿಟ್ಟಿತು.

ಅಂದು ಅವರಿಗೆ ಊಟ ಸೇರಲಿಲ್ಲ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಕೂರಬೇಕೆನಿಸುತ್ತಿತ್ತು. ಕಿಟಕಿ ತೆರೆದರು, ಮುಚ್ಚಿದರು. ತಾನು ಮಾಡಿದ್ದು ಸರಿ ಎಂದು ಮನಸ್ಸಿಗೆ ಎಷ್ಟು ಸಲ ಹೇಳಿದರೂ ಅದು ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಕೋಣೆಯಿಂದ ತಾಯಿ, "ಏನಾಯ್ತೋ?" ಎಂದು ಕೇಳಿದರು. ನಾಲ್ಕು ದಿನ ಇದ್ದು ಹೋಗೋಣವೆಂದು ಬಂದ ಮುದುಕಿ, ಬಸ್ಸುಗಳೆಲ್ಲ ನಿಂತು ಮಗನ ಮನೆಯಲ್ಲೇ ಸಿಕ್ಕಿಕೊಂಡಿದ್ದರು. "ಏನಿಲ್ಲಮ್ಮ, ಕೆಲಸ," ಎಂದರು ಸಾಹೇಬರು. ಈ ನಡುವೆ ಅವರು ತಾಯಿಗೆ ಕೊಡುತ್ತಿದ್ದ ಉತ್ತರವೆಲ್ಲ ಅದೊಂದೇ.

ಮರುದಿನ ಒಬ್ಬ ಕ್ಷೌರಿಕನ ಸರದಿ. ಪ್ರಮಾಣದ ನಡುವೆ ನೆಟ್‌ವರ್ಕ್ ಕೈಕೊಟ್ಟಿತು. ತೆರೆದ ಬಾಯಿ ತೆರೆದಂತೆಯೇ ಅವನು ಪರದೆಯ ಮೇಲೆ ಗೊಂಬೆಯಾದ. ಆದರೆ ಪ್ರಮಾಣ ನಿಲ್ಲಲಿಲ್ಲ. ನಿನ್ನೆಯ ಅದೇ ಹೆಣ್ಣುದನಿ ಸಾವಕಾಶವಾಗಿ ಮುಂದಿನ ಮಾತು ಹೇಳುತ್ತಿತ್ತು.

ಸಾಹೇಬರು ಕಿವಿಗೊಟ್ಟರು. ದನಿ ಪಕ್ಕದ ಕೋಣೆಯದು. ಎದ್ದು ಹೋಗಿ ಪಕ್ಕದ ಕೋಣೆಯ ಬಾಗಿಲು ತಳ್ಳಿದರು. ತಾಯಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಣ್ಣು ಮುಚ್ಚಿ, ಬಲಗೈ ಎತ್ತಿಕೊಂಡು ಕೊನೆಯ ಸಾಲು ಮುಗಿಸುತ್ತಿದ್ದರು.

"ಅಮ್ಮಾ, ಏನು ಮಾಡ್ತಿದೀಯ?"

"ಬೆಳಿಗ್ಗೆಯಿಂದ ಸಂಜೆವರೆಗೂ ಅದನ್ನೇ ಕೇಳ್ತೀನಲ್ಲೋ, ಬಾಯಿಗೆ ಬಂದ್ಬಿಟ್ಟಿದೆ." ತಾಯಿ ಕೈ ಇಳಿಸಿದರು. "ನೀನಂತೂ ನನ್ನ ಹತ್ರ ಮಾತಾಡೋದು ಬಿಟ್ಟೆ. ನಿನ್ನ ಜೊತೆ ಇದನ್ನಾದ್ರೂ ಹೇಳೋಣ ಅಂತ. ಯಾಕೆ, ತಪ್ಪಾಯ್ತಾ?"

ಸಾಹೇಬರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಊರಿನವರ ಗೋಡೆಗಳನ್ನೆಲ್ಲ ನೋಡಿದ್ದರು, ತಮ್ಮ ಗೋಡೆಯತ್ತ ಒಮ್ಮೆಯೂ ತಿರುಗಿರಲಿಲ್ಲ.

"ನಿನ್ನೆ ಯಾರೋ ಅತ್ತ ಹಾಗಾಯ್ತು," ಎಂದರು ತಾಯಿ.

ಸಾಹೇಬರು ನಡೆದದ್ದನ್ನು ಹೇಳಿದರು. ಮುದುಕಿಯ ಮುಖ ಸಣ್ಣದಾಯಿತು. "ಅಯ್ಯೋ, ನನ್ನ ಬಾಯಿಂದ ಆ ಮಗು ಅಲ್ಲೇ ಉಳೀತಲ್ಲೋ."

"ನಿನ್ನ ಬಾಯಿಂದಲ್ಲಮ್ಮ. ಅವಳು ಹೇಳಿದ್ಲು, ನಾನೇ ನಂಬಲಿಲ್ಲ."

ಮೇಲಧಿಕಾರಿಗೆ ಫೋನು ಮಾಡಿದಾಗ ಅವರು ಮೊದಲು ನಕ್ಕರು, ಆಮೇಲೆ ದನಿ ತಗ್ಗಿಸಿದರು. "ನೋಡಿ, ರದ್ದು ಮಾಡಿದ್ದನ್ನ ವಾಪಸು ತಗೋಬೇಕಾದ್ರೆ ತಪ್ಪು ನಿಮ್ಮದು ಅಂತ ನೀವೇ ಬರೆದು ಕೊಡ್ಬೇಕು. ನಿಮ್ಮ ಮನೇಲೇ ನಿಯಮ ಮುರಿದಿದೆ ಅಂತಾದ್ರೆ ಮೇಲಿನವರು ಸುಮ್ನಿರಲ್ಲ. ಬಡ್ತಿ ಬಾಗಿಲಿಗೆ ಬಂದಿದೆ, ಮರೀಬೇಡಿ. ಆ ಹೆಂಗಸು ಮೂರು ತಿಂಗಳಾದ ಮೇಲೆ ಬರ್ಲಿ ಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಅಷ್ಟರಲ್ಲಿ ಅವಳ ಮಗಳಿಗೆ ಹದಿನೆಂಟು ತುಂಬಿರುತ್ತೆ."

"ಊರಿನ ಚಿಂತೆಯೆಲ್ಲ ನಿಮಗ್ಯಾಕ್ರೀ?"

ಸಾಹೇಬರು ಫೋನಿಟ್ಟು ಮತ್ತೆ ಶತಪಥ ಹಾಕತೊಡಗಿದರು. ಸುಮ್ಮನಿದ್ದರೆ ನಿಜವಾಗಿಯೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಸುಲಭವೇ ಅವರನ್ನು ಕುಕ್ಕುತ್ತಿತ್ತು. ಇಷ್ಟು ವರ್ಷ ಯಾರಿಂದಲೂ ಬೆರಳು ತೋರಿಸಿಕೊಳ್ಳದವರು, ಈಗ ತಮ್ಮತ್ತ ತಾವೇ ಬೆರಳು ತೋರಿಸಬೇಕಿತ್ತು. ನಾಚಿಕೆಯಾಯಿತು, ಭಯವೂ ಆಯಿತು. ಕೊನೆಗೆ ಕೂತು ಒಂದೇ ಉಸಿರಿಗೆ ಟೈಪು ಮಾಡಿದರು: ಎರಡನೆಯ ದನಿ ನನ್ನ ಮನೆಯದು, ಅರ್ಜಿದಾರರು ನಿಜ ಹೇಳಿದ್ದರು, ತಪ್ಪು ನನ್ನದು. ಮತ್ತೊಮ್ಮೆ ಓದಿದರೆ ಧೈರ್ಯ ಹೋದೀತೆಂದು ಓದದೆಯೇ ಕಳಿಸಿಬಿಟ್ಟರು.

ಆ ವಾರವೇ ರದ್ದತಿ ವಾಪಸಾಯಿತು; ತಮ್ಮ ಊಟದ ಬಿಡುವಿನಲ್ಲಿ ಆ ಹೆಂಗಸನ್ನು ಮತ್ತೆ ಕರೆದರು. ಅವಳು ಅದೇ ಚಾದರದ ಕೋಣೆಯಲ್ಲಿದ್ದಳು. ಕೇಳುವ ಮೊದಲೇ ಗೋಡೆ ತೋರಿಸಲು ಫೋನು ತಿರುಗಿಸತೊಡಗಿದಳು.

"ಇರಲಿ, ನಿಲ್ಲಿಯಮ್ಮ," ಎಂದರು ಸಾಹೇಬರು. "ಇವತ್ತು ಮೊದಲು ನಾನು ತೋರಿಸ್ತೀನಿ. ಆವತ್ತಿನ ದನಿ ನಮ್ಮ ತಾಯೀದು. ನೀವು ಹೇಳಿದ್ದೇ ನಿಜ. ನನ್ನಿಂದ ತಪ್ಪಾಯ್ತು, ಕ್ಷಮಿಸಿ."

ಅವರು ಕ್ಯಾಮೆರಾ ತಿರುಗಿಸಿ ಒಂದೊಂದೇ ಗೋಡೆ ತೋರಿಸಿದರು. ಮೂಲೆಯ ಕಪಾಟು, ತೆರೆದಿಟ್ಟ ಬಾಗಿಲು, ಅದರಾಚೆ ಪಕ್ಕದ ಕೋಣೆಯ ಖಾಲಿ ಕುರ್ಚಿ, ಮುಚ್ಚಿದ ಗಾಜಿನ ಹಿಂದೆ ಬಾಲ್ಕನಿಯಲ್ಲಿ ಬಿಸಿಲಿಗೆ ಬೆನ್ನೊಡ್ಡಿ ಕೂತ ಮುದುಕಿ. ಅವಳು ಎಲ್ಲವನ್ನೂ ಬಿಡದೆ ನೋಡಿದಳು.

"ಸರ್, ಆ ಕಪಾಟಿನ ಹಿಂದೆಯೂ ತೋರ್ಸಿ."

ಸಾಹೇಬರು ಎದ್ದರು. ಮಾಸಿದ ಪೈಜಾಮ ಪರದೆಯ ತುಂಬ ಕಂಡಿತು. ಹೆಗಲು ಕೊಟ್ಟು ಕಪಾಟನ್ನು ನೂಕಿದರು. ಅದು ಒಂದೇ ಸಲಕ್ಕೆ ಜಗ್ಗಲಿಲ್ಲ, ಇಸ್ತ್ರಿ ಮಾಡಿದ ಅಂಗಿಗೆಲ್ಲ ಧೂಳು ಮೆತ್ತಿತು. ಹಿಂದೆ ಒಂಟಿ ಕಾಲುಚೀಲ ಬಿಟ್ಟರೆ ಏನೂ ಇರಲಿಲ್ಲ. ಏದುಸಿರು ಬಿಡುತ್ತ ಬಂದು ಕೂತರು.

"ಯಾರೂ ಇಲ್ಲ ಸರ್," ಎಂದಳು ಅವಳು, ಗಂಭೀರವಾಗಿ. ಆಮೇಲೆ ಬಲಗೈ ಎತ್ತಿದಳು. "ಈಗ ಶುರು ಮಾಡಿ."

ಅವಳ ದನಿ ಎಲ್ಲಿಯೂ ತಡವರಿಸಲಿಲ್ಲ. ಕೊನೆಯ ಮಾತು ಮುಗಿಯುತ್ತಿದ್ದಂತೆ, "ಸರ್, ಇಡ್ತೀನಿ, ಮಗಳು ಕಾಯ್ತಿದಾಳೆ," ಎಂದು ಅವರ ಅಭಿನಂದನೆಗೂ ಕಾಯದೆ ಕರೆ ಕತ್ತರಿಸಿದಳು.

ಮೇಲಿನವರಿಂದ ವಿವರಣೆ ಕೇಳಿ ಬಂದ ಪತ್ರ ಇನ್ನೂ ಉತ್ತರಕ್ಕೆ ಕಾಯುತ್ತಿತ್ತು. ಸಾಹೇಬರು ಕುರ್ಚಿ ಎತ್ತಿಕೊಂಡು ಬಾಲ್ಕನಿಗೆ ಹೋಗಿ ತಾಯಿಯ ಪಕ್ಕದಲ್ಲಿ ಹಾಕಿಕೊಂಡು ಕೂತರು.

"ಇವತ್ತೂ ಎರಡು ದನಿ ಕೇಳ್ತಾ?" ಎಂದರು ತಾಯಿ.

"ಇಲ್ಲಮ್ಮ, ಒಂದೇ."

"ಸದ್ಯ," ಎಂದರು ಮುದುಕಿ. "ನಾನು ಮನಸ್ಸಲ್ಲೇ ಹೇಳ್ಕೊಂಡೆ."