ಲೆಕ್ಕಕ್ಕೆ ಬಾರದ ನೆಲ

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಪಾಳಿಯ ಕಂಪನಿ ಬಸ್ಸುಗಳು ಹೊಸೂರು ರಸ್ತೆಗೆ ಇಳಿಯುವ ಹೊತ್ತಿಗೆ ಹೆಬ್ಬಗೋಡಿಯ ನಮ್ಮ ವಠಾರಕ್ಕೆ ಅಳತೆಯವರು ಬಂದರು. ರಸ್ತೆ ಅಗಲವಾಗುವುದಿತ್ತು, ವಠಾರ ಪೂರಾ ಹೋಗುವುದಿತ್ತು. ಅಳತೆಯಲ್ಲಿ ಮನೆ ಎಂದು ಬಂದವರಿಗೆ ಚಂದಾಪುರದ ಆಚೆ ಬೇರೆ ಮನೆ ಕೊಡುತ್ತೇವೆ ಎಂದಿದ್ದರು.

ನನ್ನ ಪಕ್ಕದ ಕೋಣೆ ಈಶ್ವರಮ್ಮನವರದು. ಕೋಣೆ ಎಂದರೆ ಮಹಡಿ ಮೆಟ್ಟಿಲಿನ ಕೆಳಗಿನ ಜಾಗಕ್ಕೆ ಗೋಡೆ ಎಬ್ಬಿಸಿ ಬಾಗಿಲು ಇಟ್ಟದ್ದು. ಗಂಡ ಸತ್ತ ವರ್ಷ ಬಂದವರು. ಗಾರ್ಮೆಂಟ್ಸಿನಲ್ಲಿ ದುಡಿದು, ಬೆನ್ನು ಬಾಗಿ, ಅಲ್ಲೇ ಮುದುಕಿಯಾದರು.

ಇಂಜಿನಿಯರ್ ಶ್ರೀಧರ್, ಇನ್ನೂ ಹುಡುಗ, ಬಾಗಿಲಲ್ಲೇ ನಿಂತು ಅಳೆಯುವ ಯಂತ್ರದ ಕೆಂಪು ಬೆಳಕನ್ನು ಒಳಗೆ ಬಿಟ್ಟ.

"ಇದು ಲೆಕ್ಕಕ್ಕೆ ಬರಲ್ಲ ಅಮ್ಮ. ಮನುಷ್ಯ ನೆಟ್ಟಗೆ ನಿಲ್ಲೋ ಎತ್ತರ ಇಲ್ದಿದ್ರೆ ಅದನ್ನ ನೆಲ ಅನ್ನಲ್ಲ."

"ಮತ್ತೆ ನಾನ್ ಯಾತರ ಮೇಲೆ ನಿಂತಿದ್ದೀನಪ್ಪ?" ಎಂದರು ಈಶ್ವರಮ್ಮ.

"ಬಾಗಿಲ ಹತ್ರ ಎತ್ತರ ಇದೆ. ಅಷ್ಟನ್ನ ಓಡಾಡೋ ದಾರಿ ಅಂತ ಹಾಕ್ಕೊಂಡಿದ್ದೀನಿ."

"ಬಗ್ಗಿದ ಮುದುಕಿ ನಾನು. ಆ ಮೂಲೇಲೂ ತಲೆ ತಾಗಲ್ಲ. ನನ್ ಅಳತೆ ತಗೊಂಡು ನೋಡು."

ಹುಡುಗನಿಗೆ ನಗು ಬಂತು, ತಡೆದುಕೊಂಡ. "ಅಳತೆ ಎಲ್ರಿಗೂ ಒಂದೇ ಅಮ್ಮ."

ನಾನು ಬಾಯಿಬಿಟ್ಟೆ. "ಸಾರ್, ಇಪ್ಪತ್ತು ವರ್ಷದಿಂದ ಇವ್ರು ಇಲ್ಲೇ ಮಲಗಿ ಏಳ್ತಾವ್ರೆ."

"ಮಲಗಕ್ಕೆ ಎತ್ತರ ಬೇಡ ತಾತ. ಮನೆ ಅನ್ನಿಸ್ಕೊಳ್ಳಕ್ಕೆ ಬೇಕು."

ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಕಾಲು ಹಿಡಿದಾದರೂ ಬೇಡಬಹುದಿತ್ತು.

ಆಮೇಲೆ ಮೆಟ್ಟಿಲನ್ನು ಅಳೆದರು. ಅದು ಲೆಕ್ಕಕ್ಕೆ ಬಂತು. ಮಹಡಿ ಮನೆಗಳಿಗೆ ಪಾಲಾಯಿತು. ಮೇಲಿನ ಬಾಡಿಗೆಯವನು ಕೊಟ್ರೇಶ್ ತಮಾಷೆಗೆ ಕೂಗಿದ: "ಅಜ್ಜೀ, ನಿಮ್ ಸೂರು ನಮ್ ಪಾಲಿಗೆ ಬಂತ್ ನೋಡ್ರಿ!"

"ಇಷ್ಟು ವರ್ಷ ನನ್ ತಲೆ ಮೇಲೆ ತುಳಿದಿದ್ದನ್ನೂ ಸೇರಿಸ್ಕೊಳೋ ಮಗಾ," ಎಂದರು ಈಶ್ವರಮ್ಮ. ಎಲ್ಲರೂ ನಕ್ಕೆವು. ಅವರು ನಗಲಿಲ್ಲ.

ಅವರನ್ನು ಕಚೇರಿಗೂ ಕರೆದುಕೊಂಡು ಹೋದೆ. ಅಲ್ಲಿಯೂ ಅದೇ ಮಾತು: ಇಂಥ ಮನೆಯೇ ಇಲ್ಲ, ಕೊಡುವುದು ಯಾವುದಕ್ಕೆ? ನಮಗೆ ಸಿಗುವ ಹೊಸ ಮನೆಗೆ ನಮ್ಮ ಜೊತೆಗೇ ಬಂದುಬಿಡಿ ಎಂದು ನಾನೂ ನನ್ನ ಹೆಂಡತಿ ಪದ್ಮಾವತಿಯೂ ಕರೆದೆವು.

"ನಿಮ್ ಮನೇಲಿ ನಾನು ನೆಂಟಳು ಅಣ್ಣಯ್ಯ. ಇಲ್ಲಿ ಮನೆಯೋಳಾಗಿದ್ದೆ."

ಮಾಲೂರಿನಲ್ಲಿ ಅವರಿಗೊಬ್ಬ ನಾದಿನಿ ಇದ್ದಾಳೆ. ಹಬ್ಬಕ್ಕೆ ಹೋದಾಗಲೂ ಒಂದು ರಾತ್ರಿಗಿಂತ ಹೆಚ್ಚು ಇಟ್ಟುಕೊಂಡವಳಲ್ಲ. ಅವಳಲ್ಲಿಗೇ ಹೊರಟರು. ವಠಾರ ಕೆಡವುವುದಕ್ಕೆ ಸೋಮವಾರ ಬರುತ್ತೇವೆ ಎಂದಿದ್ದರು. ಈಶ್ವರಮ್ಮ ಶನಿವಾರವೇ ಮಾಲೂರಿನ ಬಸ್ಸು ಹತ್ತಿದರು.