ನೀಲಾಂಬಿಕೆಯ ಅಂಕಣ

“ಏಳಪ್ಪೋ ಮ್ಯಾಕೆ. ಜನ ನೋಡ್ತಾವ್ರೆ.”

ರಂಗಣ್ಣ ಏಳಲಿಲ್ಲ. ಚರ್ಚಿನ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಬೆರಳಲ್ಲಿ ಇಲ್ಲದ ಬೀಡಿಯನ್ನು ಹಿಡಿದವನ ಹಾಗೆ ಕೂತಿದ್ದ. ಒಳಗೆ ಬೀಡಿ ಸೇದಕೂಡದು ಅಂತ ಹೆಂಡತಿ ಮಾಡಿದ್ದ ಕಟ್ಟಳೆ. ಅವಳು ಹೋದ ಮೇಲೂ ಅವನು ಅದನ್ನು ಮೀರಿರಲಿಲ್ಲ. ಎದುರಿಗೆ ಮಗ ಪಾಲಾಕ್ಷ ಉಳಿ ಸುತ್ತಿಗೆ ಹಿಡಿದು ನಿಂತಿದ್ದ. ಬಾಗಿಲಲ್ಲಿ ಊರಿನವರು ಗುಂಪಾಗಿದ್ದರು. ಮಿಕ್ಕ ಗೋಡೆಯೆಲ್ಲ ಬೋಳಾಗಿ ಇಟ್ಟಿಗೆ ಕಾಣುತ್ತಿತ್ತು. ರಂಗಣ್ಣನ ಬೆನ್ನ ಹಿಂದಿನ ಒಂದು ಅಂಕಣ ಮಾತ್ರ ಮಣ್ಣು ಮೆತ್ತಿಕೊಂಡು ಹಾಗೇ ಉಳಿದಿತ್ತು.

ಹೊನ್ನೆದಿಬ್ಬದ ಸುತ್ತಲೂ ಹೇಮಾವತಿ ಹಿನ್ನೀರು. ಅಣೆಕಟ್ಟೆಯ ನೀರು ಬಂದಾಗ ತಗ್ಗಿನಲ್ಲಿದ್ದ ಕಿರಿಸ್ತಾನರ ಮನೆಗಳು ಮುಳುಗಿ ಅವರು ಎದ್ದು ಹೋದರು. ಹೋಗುವಾಗ ಅವರ ಪಾದ್ರಿ ಸ್ವಾಮಿಗಳು ದಿಬ್ಬದ ಮೇಲೆ ಉಳಿದ ಒಕ್ಕಲು ಮನೆಯವರನ್ನು ಕರೆದು, ಇನ್ನು ಈ ಚರ್ಚು ನಿಮ್ಮದು ಅಂತ ಬಿಟ್ಟುಕೊಟ್ಟರು. ಚರ್ಚಿನಲ್ಲಿ ಏನು ಮಾಡಬೇಕು ಅಂತ ಒಕ್ಕಲಿನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದನ್ನು ಮಾಡಿದರು. ಕಂಬದಿಂದ ಕಂಬಕ್ಕೆ ಒಂದು ಅಂಕಣ ಅಂತ ಮನೆಗೊಂದು ಗೋಡೆ ಹಂಚಿಕೊಂಡರು. ಪ್ರತಿ ಬೇಸಿಗೆ ನೀರು ಇಳಿದ ಮೇಲೆ ಆಯಾ ಮನೆ ಹೆಂಗಸರು ಮಣ್ಣು ಸಗಣಿ ರಾಗಿ ಹೊಟ್ಟು ಕಲಸಿ, ಗಾರೆ ಉದುರಿದ ಕಡೆಗೆಲ್ಲ ಮೆತ್ತಿ, ಕೈಯಲ್ಲಿ ಸಾರಿಸುತ್ತಿದ್ದರು. ಯಾವುದು ಯಾರ ಕೈ ಅಂತ ನೋಡಿದರೆ ತಿಳಿಯುತ್ತಿತ್ತು. ರಂಗಣ್ಣನ ಹೆಂಡತಿ ನೀಲಾಂಬಿಕೆ ಎಡಚಿ. ಎಲ್ಲರ ಬೆರಳ ಗೀರು ಬಲಕ್ಕೆ ಬಾಗಿದರೆ ಅವಳದು ಎಡಕ್ಕೆ, ಬಾಳೆಲೆಯ ಗೀರಿನ ಹಾಗೆ ಒಂದರ ಪಕ್ಕ ಒಂದು.

ಹೋದ ಶ್ರಾವಣದಲ್ಲಿ ಅವಳಿಗೆ ಎದೆ ಹಿಡಿದುಕೊಂಡಿತು. ತೆಪ್ಪದಲ್ಲಿ ಮಲಗಿಸಿಕೊಂಡು ಹೊರಟರೆ ಗಾಳಿಗೆ ಅದು ನಿಂತಲ್ಲೇ ಸುತ್ತಿತು. ಪಾಲಾಕ್ಷ ಹುಟ್ಟು ಹಾಕಿ ಹಾಕಿ, ಅಂಗೈ ಸುಲಿದು, ಆಚೆ ದಡ ಮುಟ್ಟಿಸುವ ಹೊತ್ತಿಗೆ ಹಾಸನದ ಆಸ್ಪತ್ರೆಗೆ ಹೋಗುವ ಕೆಲಸ ಉಳಿದಿರಲಿಲ್ಲ. ಒಂದು ಸೇತುವೆ ಕೊಡಿ ಅಂತ ಊರು ಕೇಳದ ಬಾಗಿಲಿಲ್ಲ. ಇಷ್ಟು ಮನೆಗೆ ಯಾವನು ಸೇತುವೆ ಕಟ್ಟುತ್ತಾನೆ? ಆದರೆ ಹಳೇ ಚರ್ಚು ದುರಸ್ತಿಯಾದರೆ ಶೆಟ್ಟಿಹಳ್ಳಿಯ ಮುಳುಗು ಚರ್ಚು ನೋಡಲು ಬರುವ ಹಾಗೆ ಇಲ್ಲಿಗೂ ಜನ ಬರುತ್ತಾರಂತೆ. ಬರುವವರಿಗೆ ಸೇತುವೆ ಬೇಕಲ್ಲ, ಮಂಜೂರಾಯಿತು.

“ಪೋಟಾ ತೆಗಿಯೋನ ಬೂಟು ನೆನಿಬಾರ್ದು! ನಮ್ಮವ್ವನ ಉಸ್ರು ನಿಂತ್ರೆ ನಿಂತ್ಕೊಳ್ಳಿ!” ಅಂತ ಊರ ಮುಂದೆ ಕಿರುಚಿದವನು ಪಾಲಾಕ್ಷನೇ. ಮಾರನೆಯ ದಿನ ಎಲ್ಲರಿಗಿಂತ ಮೊದಲು ಚರ್ಚಿನ ಕೂಲಿಗೆ ನಿಂತವನೂ ಅವನೇ. ಯಾರ ನೆಪದಲ್ಲಾದರೂ ಸರಿ, ಬರಲಿ ಹಾಳಾದ ಸೇತುವೆ.

ಬಾಗಿಲಿನಿಂದ ಬೈರಯ್ಯ ಕೂಗಿದ. “ಲೇ ರಂಗಾ, ಬದುಕಿದ್ದಾಗ ಆವಮ್ಮಂಗೆ ಒಂದಿನ ಆಸನದ ಬಸ್‌ಸ್ಟ್ಯಾಂಡು ತೋರಿಸ್ಲಿಲ್ಲ, ಈಗ ಗ್ವಾಡೆ ತಬ್ಕೊಂಡು ಕುಂತಿದ್ದೀಯಲ್ಲೋ!”

“ನಿನ್ ಎಂಡ್ರು ತಿಥಿ ದಿನ ನೀನು ಇನ್ನೊಂದು ವಡೆ ಆಕು ಅಂತಿದ್ದೆ, ಮುಚ್ಕೊಂಡಿರು.”

ಯಾರೋ ನಕ್ಕು ನಿಲ್ಲಿಸಿದರು. ಕೆಲಸದ ಉಸ್ತುವಾರಿಗೆ ಹಾಸನದಿಂದ ಬಂದಿದ್ದ ವರ್ಷಾ ಮೇಡಂ ಬಂದು ರಂಗಣ್ಣನ ಎದುರು ಕುಕ್ಕರುಗಾಲಲ್ಲಿ ಕೂತಳು.

“ರಂಗಣ್ಣ, ಈ ಮಣ್ಣು ನೀರು ಕುಡಿದು ಗೋಡೆಗೇ ಬಿಡ್ತಿದೆ. ಹಿಂದೆ ಬಿರುಕಿದೆ. ಅದನ್ನ ಮುಚ್ಚದೆ ಸೂರು ಕೂರ್ಸೋಕಾಗಲ್ಲ. ಮಳೆ ಶುರುವಾದ್ರೆ ನೀರು ಮೆಟ್ಟಿಲಿಗೇ ಬರುತ್ತೆ, ಕೆಲಸ ನಿಲ್ಲುತ್ತೆ. ಚರ್ಚು ಮುಗೀದೆ ಸೇತುವೆ ಶುರು ಮಾಡಲ್ಲ ಅವರು.”

“ಒಂದ್ ಅಂಕಣ ಬುಟ್ಬುಡವ್ವ. ಹಂಗೇ ಕುಯ್ದು ಮನೆಗಾದ್ರೂ ಕೊಡು.”

“ನೋಡಿದ್ವಿ. ಪುಡಿಯಾಗುತ್ತೆ. ಫೋಟೋ ತೆಗೆದಿಟ್ಟಿದ್ದೀನಿ, ದೊಡ್ಡದಾಗಿ ಮಾಡ್ಸಿ ಕೊಡ್ತೀನಿ.”

“ಪೋಟಾ ಮುಟ್ಟುದ್ರೆ ನುಣ್ಣಗಿರ್ತದಲ್ವಾ?”

ವರ್ಷಾ ಎದ್ದಳು. ಬಾಗಿಲ ಕಡೆ ಹೋಗಿ, “ನಡೀರಿ, ಎಲ್ಲ ಆಚೆ ನಡೀರಿ” ಅಂತ ಜನರನ್ನು ಕಳಿಸಿ, ತಾನೂ ಹೋದಳು.

ಒಳಗೆ ಅಪ್ಪ ಮಗ ಇಬ್ಬರೇ ಉಳಿದರು. ಪಾಲಾಕ್ಷ ಸುತ್ತಿಗೆಯನ್ನು ನೆಲಕ್ಕೆ ಎಸೆದ. ಆ ಸದ್ದು ಸೂರಿಲ್ಲದ ಚರ್ಚಿನಿಂದ ಮೇಲಕ್ಕೆ ಹೋಯಿತು.

“ನಂಗೆ ಆಸೆ ಅಂದ್ಕಂಡ್ಯಾ ಇದ್ನ ಕೆರಿಯಾಕೆ? ನಾಳಿಕ್ಕೆ ನಿಂಗೇ ಎದೆ ಹಿಡ್ಕಂಡ್ರೆ?”

“ಸತ್ರೆ ಸಾಯ್ತೀನಿ, ಬುಡು.”

“ನೀನು ಸಾಯ್ತೀಯ. ಹುಟ್ಟು ಆಕೋನು ನಾನು! ಅವತ್ತು ಅವಳ ತಲೆ ನಿನ್ ತೊಡೆ ಮ್ಯಾಲಿತ್ತು. ನಾನು ಬೆನ್ನು ತಿರುಗಿಸ್ಕಂಡು ಕುಂತಿದ್ದೆ. ಅವ್ವ ಅವ್ವ ಅಂತ ಕೂಗ್ತಾನೇ ಇದ್ದೆ, ನೀನು ಊ ಅಂತಿದ್ದೆ. ದಡ ಬಂದ ಮ್ಯಾಲೆ ತಿರುಗಿ ನೋಡಿದ್ರೆ...” ಕೈಯಲ್ಲಿದ್ದ ಉಳಿಯನ್ನೂ ಬಿಸಾಕಿದ. “ಯಾವಾಗ ಓದ್ಳು ಅಂತಾನೂ ಗೊತ್ತಿಲ್ಲ ನಂಗೆ.”

ರಂಗಣ್ಣ ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದ. ತಲೆ ಎತ್ತದೆ ಹೇಳಿದ:

“ನಡುನೀರಲ್ಲೇ ಓಗ್ಬುಟ್ಳು ಕಣ್ಲಾ.”

ಪಾಲಾಕ್ಷ ಅಲುಗಲಿಲ್ಲ.

“ಯೋಳಿದ್ರೆ ನೀನು ಹುಟ್ಟು ಬುಟ್ಬುಡ್ತಿದ್ದೆ. ಗಾಳಿ ಅಂಗಿತ್ತು. ಅವಳಂತೂ ಓದ್ಳು, ನೀನಾದ್ರೂ ದಡ ಮುಟ್ಟು ಅಂತ ಸುಮ್ಕೆ ಊ ಅಂತ ಇದ್ದೆ.”

ಹೊರಗೆ ಸುಣ್ಣ ಅರೆಯುವ ಸದ್ದು ಕೇಳುತ್ತಿತ್ತು. ರಂಗಣ್ಣ ಕೈ ಊರಿ ಎದ್ದ. ಬೆನ್ನಿಗೆ ಅಂಟಿದ್ದ ಮಣ್ಣನ್ನು ಕೊಡವಿಕೊಳ್ಳಲಿಲ್ಲ. ಟವಲನ್ನು ಹೆಗಲಿಗೆ ಹಾಕಿಕೊಂಡು, ಗೋಡೆಯ ಕಡೆ ತಿರುಗದೆ, “ಕೂಲಿಯೋರ ಕೈಲಿ ತೆಗೆಸ್ಬ್ಯಾಡ” ಅಂದು ಹೊರಗೆ ನಡೆದ.

ಪಾಲಾಕ್ಷ ಉಳಿ ಮುಟ್ಟಲಿಲ್ಲ. ಬಕೆಟ್ಟಿನಲ್ಲಿ ನೀರು ತಂದು ಗೋಡೆಗೆ ಚಿಮುಕಿಸಿದ. ಒಣಗಿದ ಮಣ್ಣು ನೀರು ಕುಡಿಯುತ್ತಿದ್ದ ಹಾಗೇ ಬೇಸಿಗೆಯ ಬೆಳಗ್ಗೆ ಅಂಗಳ ಸಾರಿಸಿದ ವಾಸನೆ ಎದ್ದಿತು. ಅವನು ಬಲಗೈ ಇಟ್ಟು ನೋಡಿದ, ಗೀರಿಗೆ ಕೂರಲಿಲ್ಲ. ಎಡಗೈ ಇಟ್ಟ. ನಾಲ್ಕು ಬೆರಳೂ ಕೂತವು. ಹಾಗೆ ಗೀರಿನಲ್ಲೇ ಬೆರಳು ಎಳೆಯುತ್ತ, ಮೇಲಿನಿಂದ ಕೆಳಕ್ಕೆ, ಮೆತ್ತಗಾದ ಮಣ್ಣನ್ನು ಬಿಡಿಸುತ್ತ ಬಂದ. ಹಲ್ಲು ಕಚ್ಚಿಕೊಂಡೇ ಬಿಡಿಸಿದ. ಯಾರನ್ನು ಬೈಯಬೇಕು ಅಂತ ಅವನಿಗೆ ತಿಳಿಯಲಿಲ್ಲ. ಅದಕ್ಕೇ ಎಲ್ಲರನ್ನೂ ಬೈದ, ಒಳಗೊಳಗೇ, ಕೆಟ್ಟ ಕೊಳಕಾಗಿ.

ಮೊದಲ ಮಂಕರಿ ಮಣ್ಣು ತುಂಬಿದಾಗ ರಂಗಣ್ಣ ಬಂದು ಹೊತ್ತುಕೊಂಡು ದಡದ ಕಡೆ ಹೋದ.

ಎರಡನೆಯದನ್ನು ಪಾಲಾಕ್ಷನೇ ತಲೆ ಮೇಲಿಟ್ಟುಕೊಂಡು ದಡಕ್ಕೆ ಇಳಿದ. ಅಪ್ಪ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಂತಿದ್ದ. ಸುರಿದ ಮಣ್ಣು ಅವನ ಕಾಲ ಸುತ್ತ ಕರಗಿ ನೀರು ಕೆಂಪಗಾಗಿತ್ತು. ಮಣ್ಣಿಗೆ ಕಲಸಿದ್ದ ರಾಗಿ ಹೊಟ್ಟು ಬಿಡಿಸಿಕೊಂಡು ಮೇಲೆ ತೇಲುತ್ತಿತ್ತು. ಅದಕ್ಕೆ ಕಿರುಮೀನುಗಳು ಬಂದಿದ್ದವು. ಬಾಯಿ ತೆರೆದು ಒಂದೊಂದೇ ಹೊಟ್ಟನ್ನು ಎಳೆದುಕೊಳ್ಳುತ್ತಿದ್ದವು. ಅವು ಬೆದರದಿರಲಿ ಅಂತ ರಂಗಣ್ಣ ಕಾಲು ಅಲುಗಿಸದೆ ನಿಂತಿದ್ದ.

ಪಾಲಾಕ್ಷ ದಡದ ಮೇಲೇ ನಿಂತ. ತಲೆ ಮೇಲಿನ ಮಂಕರಿಯಿಂದ ಕೆಸರು ನೀರು ಹಣೆಗೆ ಇಳಿಯಿತು. ಅವನು ಮಂಕರಿ ಇಳಿಸಲಿಲ್ಲ.