ಉಪ್ಪುನೀರಿನ ಹುಳುಗಳು

ಮೊಣಕೈವರೆಗೆ ಅವಳ ಕೈ ಉಪ್ಪುನೀರಿನ ಮೀನುತೊಟ್ಟಿಯೊಳಗಿತ್ತು. ಹುಳ ಹಿಡಿಯುವ ಕೊಳವೆ ಕಲ್ಲಿನ ಸಂದಿಯಿಂದ ಈಚೆ ಬರುತ್ತಿರಲಿಲ್ಲ. ನಿನ್ನೆ ಸಂಜೆ ಅದನ್ನಿಡುವಾಗ ಪಕ್ಕದಲ್ಲೇ ನಿಂತಿದ್ದ ಅಪ್ಪ ಬೆಳಿಗ್ಗೆ ಏಳಲಿಲ್ಲ. ತನಗೆ ಅಳುವಿಗಿಂತ ಮೊದಲು ಈ ಹುಳದ ಚಿಂತೆ ಬಂತಲ್ಲ, ಇದನ್ನು ಡೈರಿಯಲ್ಲಾದರೂ ಬರೆಯಬಹುದೇ ಎಂದು ಅವಳಿಗೆ ಹೆದರಿಕೆಯಾಯಿತು.

"ಅಲ್ಲ ಕಣೇ, ಅಪ್ಪನ್ನ ನಡುಮನೇಲಿ ಮಲಗಿಸಿದ್ದೀವಿ, ನೀನಿಲ್ಲಿ ಹುಳ ಹಿಡೀತಾ ಕೂತಿದ್ದೀಯಾ?" ಬಾಗಿಲಲ್ಲಿ ಅತ್ತೆ. ತಾಯಿಯಿಲ್ಲದ ಅವಳನ್ನು ಸಾಕಿದ್ದು ಅಪ್ಪನ ಈ ಅಕ್ಕನೇ.

"ತೆಗೀದಿದ್ರೆ ಒಳಗೇ ಸತ್ತು ನೀರು ಕೆಡುತ್ತೆ ಅತ್ತೆ."

ಅತ್ತೆಯ ದನಿ ಇಳಿಯಿತು. "ಇನ್ಮೇಲೆ ನೀನೇ ಅಲ್ವಾ ಇದಕ್ಕೆಲ್ಲ. ಬೇಗ ಬಾ, ಗಾಡಿ ಬರೋ ಹೊತ್ತು."

ಬೇರೆ ಊರಿನ ಪ್ರಯೋಗಾಲಯದ ಕೆಲಸಕ್ಕೆ ನಾಳೆಯೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಆ ಪತ್ರವನ್ನು ಅವಳು ಅಪ್ಪನಿಗೂ ತೋರಿಸಿರಲಿಲ್ಲ.

*

ಏಳು ವರ್ಷದ ಹಿಂದೆ, ತೊಟ್ಟಿ ಬಂದ ವಾರ, ಟಾರ್ಚ್ ಬಿಟ್ಟು ನೋಡಿದರೆ ಕಲ್ಲಿನ ತೂತಿನಿಂದ ಬೆರಳುದ್ದದ ಕೆಂಪು ಹುಳ. ಮೈತುಂಬ ಮುಳ್ಳುಗೂದಲು. ಅವಳು ಚೀರಿದಳು. ದಿನವಿಡೀ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜಿ, ಮಾತಿಲ್ಲದೆ ಉಂಡು ಮಲಗುವ ಅಪ್ಪ ಓಡಿ ಬಂದ.

"ಚೆನ್ನಾಗಿದೆಯಾ?" ಅಂದ, ಖುಷಿಗೆ ಕೂಗಿದಳೆಂದುಕೊಂಡು.

ಅಪ್ಪ ತಾನಾಗಿ ಏನನ್ನಾದರೂ ಕೇಳಿದ್ದೇ ಅಪರೂಪ. ಅವಳು "ಹೂಂ" ಅಂದುಬಿಟ್ಟಳು.

ಮರುದಿನ, ಅವಳೇ ಹುಳ ಹಿಡಿದು ನೋಡಲೆಂದು, ಅಪ್ಪ ಗೇಣುದ್ದದ ಕೊಳವೆ ತಂದು ಒಳಗೆ ಸೀಗಡಿ ಚೂರು ಇಟ್ಟ. "ವಾಸನೆಗೆ ನುಗ್ಗುತ್ತೆ, ತಿಂದು ಊದಿಕೊಳ್ಳುತ್ತೆ, ಆಮೇಲೆ ಈಚೆ ಬರೋಕಾಗಲ್ಲ. ಯಾರೂ ತಳ್ಳಿಲ್ಲ ನೋಡು ಅದನ್ನ," ಎಂದು ನಕ್ಕ.

ಅಂದಿನಿಂದ ಸಂಜೆ ಇಡುವುದು, ಬೆಳಿಗ್ಗೆ ತೆಗೆಯುವುದು ಅವಳ ಪಾಲಿಗೆ ಬಂತು. ಮೀನು ತಿನ್ನುವುದನ್ನು ಮಗಳು ನೋಡಲೆಂದು ಅಪ್ಪ ಎರಡೆರಡು ಸಲ ಆಹಾರ ಉದುರಿಸುತ್ತಿದ್ದ. ಮಿಕ್ಕಿದ್ದನ್ನು ತಿಂದು ಹುಳ ಹೆಚ್ಚುತ್ತಿದ್ದವು. ಆಹಾರ ಕಮ್ಮಿ ಮಾಡಿದರೆ ಹುಳವೂ ಕಮ್ಮಿಯಾಗುತ್ತವೆಂದು ಅವಳು ಓದಿದ್ದಳು. ಹೇಳಲು ಬಾಯಿ ಬರಲಿಲ್ಲ.

*

ಗಾಡಿ ಬಂದಿತ್ತು. ಕನ್ನಡಕದಂಗಡಿಯ ಯಜಮಾನರು ಅಪ್ಪನ ಕಾಲ ಬಳಿ ನಿಂತಿದ್ದರು.

"ಓದು ಮುಗೀತಲ್ಲಮ್ಮ, ಮುಂದೇನು?"

ಉತ್ತರ ಅತ್ತೆಯದು: "ಎಲ್ಲಿಗೆ ಹೋಗ್ತಾಳೆ? ಆ ತೊಟ್ಟಿ ಬಿಟ್ಟು ಒಂದಿನ ಇರಲ್ಲ ಇವಳು. ಇನ್ನು ನಾವಿಬ್ರೂ, ಆ ಮೀನೂ."

"ಅದೂ ನಿಜವೇ." ಯಜಮಾನರು ಕಣ್ಣೊರೆಸಿಕೊಂಡರು. "'ತೊಟ್ಟಿ ನೀರಿಗೆ ಉಪ್ಪು ಬೆರೆಸಿ ಬೆರೆಸಿ ಕೈ ಬಿರಿದುಹೋಗಿದೆ ಸಾರ್, ಅದನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ' ಅಂತ ನಿಮ್ಮಪ್ಪ ಎಷ್ಟು ಸಲ ಅಂದಿದ್ದ. ಆಮೇಲೆ ತಾನೇ, 'ಬೇಡ, ಮಗಳಿಗೆ ಅದಂದ್ರೆ ಪ್ರಾಣ' ಅಂತಿದ್ದ."

ಅವಳು ತಿರುಗಿ ಅಪ್ಪನ ಬಿರಿದ ಕೈ ನೋಡಿದಳು. ನಾಲ್ವರು ಬಗ್ಗಿ ಅಪ್ಪನನ್ನು ಎತ್ತಿಕೊಂಡರು. ಬಾಗಿಲು ಕಿರಿದು.

"ತಡೀರಿ, ತಡೀರಿ, ತಿರುಗಿಸ್ಬೇಕು," ಯಾರೋ ಅಂದರು. ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ಅಪ್ಪ ಹೊಸ್ತಿಲ ಮೇಲೆ ಓರೆಯಾಗಿ ನಿಂತುಬಿಟ್ಟ.

ಅವಳು ಜನರನ್ನು ಸರಿಸಿಕೊಂಡು ಹತ್ತಿರ ಹೋದಳು.

"ಅಪ್ಪ," ಎಂದಳು, ಅತ್ತೆಗೂ ಕೇಳುವಷ್ಟು ಗಟ್ಟಿಯಾಗಿ, "ನನಗೂ ಆ ತೊಟ್ಟಿ ಇಷ್ಟ ಇರ್ಲಿಲ್ಲ."